ಮೌಸ್ ಅವರ ಕೈಯಲ್ಲೇ ಇರಲಿ

ಬೆಳ್ಳಟ್ಟಿಯಿಂದ ಬರೆದ ತಂಗಿಗೆ,

ಕಾಲೇಜು ಕಚೇರಿಯಲ್ಲಿ ಯುಯುಸಿಎಂಎಸ್, ಅಂದರೆ ರಾಜ್ಯದ ವಿಶ್ವವಿದ್ಯಾಲಯ-ಕಾಲೇಜುಗಳ ಆನ್‌ಲೈನ್ ಪೋರ್ಟಲ್‌ನ ಕೆಲಸವೆಲ್ಲ ನಿಮ್ಮ ತಲೆಗೇ ಬಂದಿದೆ, ಹಿರಿಯರು ‘ನಮಗಿದು ಆಗೂದಿಲ್ಲ, ನೀನ ಮಾಡಿಬಿಡವಾ’ ಅನ್ನುತ್ತಾರೆ ಎಂದಿದ್ದೀರಿ. ಮಾಡಿಕೊಡಬೇಡಿ, ಪಕ್ಕದಲ್ಲಿ ಕೂಡ್ರಿ. ವರ್ಷಗಟ್ಟಲೆ ಲೆಡ್ಜರಿನಲ್ಲಿ ಚಿತ್ತಿಲ್ಲದೆ ಬರೆದವರಿಗೆ ಪರದೆಯ ಮುಂದೆ ತಪ್ಪಾದೀತೆಂಬ ಅಂಜಿಕೆ ಇರುತ್ತದೆ. ಅದು ಸೋಮಾರಿತನವಲ್ಲ. ಮೌಸ್ ಅವರ ಕೈಯಲ್ಲಿರಲಿ, ಮಾತು ನಿಮ್ಮದಿರಲಿ. ಆಂತರಿಕ ಅಂಕಗಳನ್ನು ಸಲ್ಲಿಸುವ ಮೊದಲು ಕಾಗದದ ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ ಅವರಿಗೇ ಕೊಡಿ. ಅದರಲ್ಲಿ ಅವರ ಕಣ್ಣು ನಮಗಿಂತ ಚುರುಕು.

ಹುಡುಗರ ವಿಷಯ ಬೇರೆ. ಮೊಬೈಲ್ ಬಲ್ಲವರಿಗೆ ಪೋರ್ಟಲ್ ಬಂದೇ ಬರುತ್ತದೆ ಅಂದುಕೊಳ್ಳುತ್ತೇವೆ. 2021ರಿಂದ ಪದವಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲಕ್ಕೂ ಈ ಪೋರ್ಟಲ್ಲೇ ದಾರಿ. ಆದರೂ ಅನೇಕರ ಖಾತೆ ತೆರೆದವರು ಸೈಬರ್ ಸೆಂಟರಿನವರು, ಕೆಲವೊಮ್ಮೆ ಖಾತೆಗೆ ಕೊಟ್ಟ ಮೊಬೈಲ್ ನಂಬರೂ ಅವರದೇ. ಪಾಸ್‌ವರ್ಡ್ ಮರೆತ ದಿನ ಒಟಿಪಿ ಇನ್ನಾರದೋ ಫೋನಿಗೆ ಹೋಗುತ್ತದೆ, ಶುಲ್ಕದ ಕೊನೆಯ ದಿನಾಂಕ ಮಾತ್ರ ಕಾಯುವುದಿಲ್ಲ. ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿಗೆ ಇದು ದೊಡ್ಡ ಪೆಟ್ಟು. ಆದ್ದರಿಂದ ಮೊದಲ ವಾರವೇ ತರಗತಿಗೆ ಹೋಗಿ, ಪ್ರತಿಯೊಬ್ಬರ ಖಾತೆಯ ನಂಬರ್ ಅವರದೋ, ಮನೆಯವರದೋ, ಬೇರೆಯವರದೋ ಕೇಳಿ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಒಂದೇ ರೀತಿ ಇದೆಯೋ ನೋಡಿಸಿ.

ಅರ್ಜಿಯ ಹಂತಗಳನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ಕಚೇರಿಯ ಇನ್ನೊಬ್ಬರಿಗೆ ಪೋರ್ಟಲ್ ಕೆಲಸ ಕಲಿಸಲು ಪ್ರಾಂಶುಪಾಲರಿಂದ ಲಿಖಿತ ಆದೇಶ ಕೇಳಿ. ನೀವು ರಜೆ ಹಾಕಿದ ದಿನವೂ ಹುಡುಗರ ಕೆಲಸ ನಿಲ್ಲಬಾರದು.