ಜ್ವರ ಬರುವ ಮೊದಲೇ ಡಾಕ್ಟರನ್ನು ಹುಡುಕಿ

ಭದ್ರಾವತಿಗೆ ಹೊಸದಾಗಿ ಬಂದವರೇ, ಚೆನ್ನಾಗಿದ್ದಾಗಲೇ ಒಬ್ಬ ಮನೆ ಡಾಕ್ಟರನ್ನು ಗೊತ್ತುಮಾಡಿಕೊಳ್ಳಿ. ವಿಐಎಸ್‌ಎಲ್, ಎಂಪಿಎಂ ಕಾರ್ಖಾನೆಗಳು ಭರದಲ್ಲಿದ್ದ ಕಾಲಕ್ಕೆ ಕಾರ್ಮಿಕ ಕುಟುಂಬಗಳಿಗೆ ಕಾರ್ಖಾನೆಯ ಆಸ್ಪತ್ರೆಯೇ ಆಸರೆ. ಈಗ ಹುಡುಕಾಟ ನಮ್ಮದೇ.

ಜನ್ನಾಪುರವೋ ಹೊಸಮನೆಯೋ, ಬೀದಿಯ ಹಿರಿಯರನ್ನು ವಿಚಾರಿಸಿ. ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು. ಆಮೇಲೆ ನೋಡಬೇಕಾದ್ದು ಗುಣ: ನಿಮ್ಮ ಮಾತು ಮುಗಿಯುವವರೆಗೆ ಕೇಳುತ್ತಾರಾ? ಹಳೆಯ ಚೀಟಿ ತಿರುವಿ ನೋಡುತ್ತಾರಾ? ನೆಗಡಿಗೆಲ್ಲ ಇಂಜೆಕ್ಷನ್ ಚುಚ್ಚದೆ ‘ಇದಕ್ಕೆ ಆಂಟಿಬಯೋಟಿಕ್ ಬೇಡಮ್ಮ’ ಎನ್ನುವವರು ಸಿಕ್ಕರೆ ಬಿಡಬೇಡಿ. ಕೈಮೀರಿದ್ದನ್ನು ತಡಮಾಡದೆ ಸುಮಾರು 20 ಕಿ.ಮೀ. ದೂರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುವವರೂ ಒಳ್ಳೆಯ ಡಾಕ್ಟರೇ, ಅನುಮಾನಿಸಬೇಡಿ.

ಎದೆನೋವು ಬಂದರೆ ಮಾತ್ರ ಮನೆ ಡಾಕ್ಟರಿಗೂ ಕಾಯದೆ 108ಕ್ಕೆ ಫೋನ್ ಮಾಡಿ.