ಖಳನ ಎದುರಿನಲ್ಲಿ

ಚಳ್ಳಕೆರೆಯಿಂದ ಉತ್ತರಕ್ಕೆ ಮೊಳಕಾಲ್ಮೂರಿನ ಕಡೆಗೆ ಪಯಣಿಸುವವರಿಗೆ ಮೊದಲು ಕಾಣುವುವು ಶೇಂಗಾ ಹೊಲಗಳು, ಕುರಿಯ ಹಿಂಡುಗಳು, ಕುರುಚಲು ಗಿಡಗಳ ಬಯಲು; ಬಳಿಕ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಹ ಬೆಟ್ಟಗಳು. ಆ ಬೆಟ್ಟಗಳಲ್ಲಿ ಜಟಿಂಗ ರಾಮೇಶ್ವರವೂ ಒಂದು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದು, ಕಾದಾಡಿ, ಜಟಾಯುವು ಕೆಳಗುರುಳಿದ ಸ್ಥಳ ಇದೇ ಎಂಬುದು ಸ್ಥಳೀಯ ಜನರ ನಂಬಿಕೆ.

ಜಟಾಯುವಿನ ಕಾಳಗವನ್ನು ತುಸು ನಿಧಾನವಾಗಿ ಆಲೋಚಿಸಿ ನೋಡಿರಿ. ಅವನು ಮುಪ್ಪಿನ ಪಕ್ಷಿ. ರಾವಣನಿಗಾದರೋ ಯೌವನವಿದೆ, ರಥವಿದೆ, ಕವಚವಿದೆ, ಬಿಲ್ಲುಬಾಣಗಳಿವೆ. ಈ ಅಂತರವನ್ನು ಜಟಾಯು ಅರಿಯದವನಲ್ಲ. ಕಂಡೂ ಕಾಣದಂತೆ ಗೂಡಿನಲ್ಲಿ ಕುಳಿತಿದ್ದರೆ ಅವನನ್ನು ದೂರುವವರು ಯಾರೂ ಇರಲಿಲ್ಲ. ಆದರೂ ಅವನು ಎದ್ದು ಹಾರಿದನು, ರಥವನ್ನು ಮುರಿದನು, ಕೊನೆಗೆ ರೆಕ್ಕೆ ಕತ್ತರಿಸಲ್ಪಟ್ಟು ನೆಲಕ್ಕೆ ಬಿದ್ದನು. ಕಾಳಗದ ಲೆಕ್ಕದಲ್ಲಿ ಅವನು ಸೋತವನು. ಆದರೆ ಶ್ರೀರಾಮನೇ ಅವನಿಗೆ ಅಂತ್ಯಕ್ರಿಯೆಯನ್ನು ಮಾಡಿದನು. ಗೆಲವು ಬೇರೆ, ಸರಿಯಾದ ಆಯ್ಕೆ ಬೇರೆ ಎಂಬುದನ್ನು ಈ ಕಥೆ ನಮಗೆ ತಿಳಿಸುತ್ತದೆ.

ಇಂತಹ ಕಥೆಗಳನ್ನು ನಮ್ಮ ಹಿರಿಯರು ಕೇಳಿ ಸುಮ್ಮನಾಗಲಿಲ್ಲ. ವೇಷ ಕಟ್ಟಿ ಆಡಿದರು. ಚಿತ್ರದುರ್ಗ, ಬಳ್ಳಾರಿ ಸೀಮೆಯ ಬಯಲಾಟಗಳಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಕಿರೀಟ, ಭುಜಕೀರ್ತಿಗಳನ್ನು ಧರಿಸಿ ರಾಕ್ಷಸನಾಗುತ್ತಾನೆ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು ‘ತಾವು ಯಾರು?’ ಎಂದು ವಿಚಾರಿಸುತ್ತಾನೆ. ಪಾತ್ರಧಾರಿಯು ತನ್ನ ಹೆಸರು, ಪರಾಕ್ರಮಗಳನ್ನು ಸಾರುತ್ತಾನೆ. ಖಳನು ಅಬ್ಬರಿಸಿದಾಗ ಎದುರಿಗೆ ಕುಳಿತ ಮಕ್ಕಳು ಬೆಚ್ಚಿ ತಾಯಂದಿರ ಸೆರಗಿನಲ್ಲಿ ಮುಖವನ್ನು ಅಡಗಿಸಿಕೊಳ್ಳಬೇಕು. ಇಲ್ಲವಾದರೆ ಆಟ ಸಪ್ಪೆಯಾಯಿತೆಂದೇ ಅರ್ಥ. ಬಲಹೀನನಾದ ರಾವಣನ ಎದುರಿನಲ್ಲಿ ಧೈರ್ಯಕ್ಕೆ ಬೆಲೆಯೇನು?

ವೇಷ ಕಟ್ಟಿ ಆಡುವ ಈ ಹಂಬಲ ಇಂದು ಇನ್ನೊಂದು ರೂಪವನ್ನು ತಾಳಿದೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ದಾಳವನ್ನು ಉರುಳಿಸುತ್ತ, ಕಲ್ಪಿತ ಲೋಕವೊಂದರಲ್ಲಿ ಸಾಹಸ ಮಾಡುವ ಆಟವಿದು. ಮುಂದೆ ಇದೇ ಬಗೆಯ ಆಟಗಳು ಕಂಪ್ಯೂಟರಿನ ಪರದೆಗೆ ಬಂದುವು. ಅವುಗಳಲ್ಲಿ ದಾರಿಯ ಕೊನೆಯಲ್ಲಿ ಕಾದಿರುವ ಮಹಾಶತ್ರುವನ್ನು ಆಟಗಾರರು ‘ಬಾಸ್’ ಎಂದು ಕರೆಯುತ್ತಾರೆ. ಅವನನ್ನು ಜಯಿಸುವುದು ಸುಲಭವಲ್ಲ. 2011ರಲ್ಲಿ ಜಪಾನಿನಲ್ಲಿ ತಯಾರಾದ ‘ಡಾರ್ಕ್ ಸೋಲ್ಸ್’ ಎಂಬ ಆಟವು ಇಂತಹ ಕಾಠಿಣ್ಯಕ್ಕಾಗಿಯೇ ಹೆಸರಾಗಿದೆ. ಅದರಲ್ಲಿ ಆಟಗಾರನು ಮತ್ತೆ ಮತ್ತೆ ಸಾಯುತ್ತಾನೆ. ಮತ್ತೆ ಮತ್ತೆ ಹಿಂದಿನ ತಾಣದಿಂದ ಹೊರಡುತ್ತಾನೆ. ಶತ್ರುವು ಯಾವಾಗ ಕೈಯೆತ್ತುತ್ತಾನೆ, ಯಾವಾಗ ಮೈಮರೆಯುತ್ತಾನೆ ಎಂಬುದನ್ನು ಪ್ರತಿಯೊಂದು ಸೋಲಿನಿಂದಲೂ ಅಷ್ಟಷ್ಟಾಗಿ ಅರಿಯುತ್ತಾನೆ. ಸೋಲೇ ಇಲ್ಲಿ ಗುರುವಾಗುತ್ತದೆ. ತಾಳ್ಮೆಯನ್ನು ಕಲಿಸುವ ಈ ಗುಣವನ್ನು ನಾವು ಅಲ್ಲಗಳೆಯಬೇಕಾಗಿಲ್ಲ.

ಆದರೆ ಬಲಿಷ್ಠನನ್ನು ಕೆಡಹಿದ ಮಾತ್ರಕ್ಕೆ ಒಬ್ಬನು ಒಳ್ಳೆಯವನಾಗುವನೇ? ಈ ಪ್ರಶ್ನೆ ಆಟಗಳನ್ನು ರಚಿಸುವವರನ್ನೂ ಕಾಡಿದೆ. 1986ರಲ್ಲಿ ಜಪಾನಿನಲ್ಲಿ ಪ್ರಕಟವಾದ ‘ಡ್ರ್ಯಾಗನ್ ಕ್ವೆಸ್ಟ್’ ಆಟದ ಕೊನೆಯಲ್ಲಿ ಖಳನು ಕತ್ತಿ ಎತ್ತುವ ಮೊದಲು ಒಂದು ಮಾತನ್ನು ಕೇಳುತ್ತಾನೆ: ತನ್ನೊಡನೆ ಸೇರಿದರೆ ಅರ್ಧ ಲೋಕವನ್ನು ಕೊಡುವುದಾಗಿ ಆಸೆ ತೋರುತ್ತಾನೆ. ಒಪ್ಪಿದವನ ಯಾತ್ರೆ ಅಲ್ಲಿಗೇ ಮುಗಿಯುತ್ತದೆ. ಅಷ್ಟು ದೂರ ಬಂದ ವೀರನಿಗೆ ಆ ಗಳಿಗೆಯಲ್ಲಿ ಬೇಕಾದುದು ತೋಳಿನ ಬಲವಲ್ಲ, ಮನಸ್ಸಿನ ಬಲ.

ಇದಕ್ಕೂ ಒಂದು ವರ್ಷ ಮೊದಲು, 1985ರಲ್ಲಿ, ಅಮೆರಿಕದ ರಿಚರ್ಡ್ ಗ್ಯಾರಿಯಟ್ ಎಂಬವರು ‘ಅಲ್ಟಿಮಾ’ ಮಾಲೆಯ ನಾಲ್ಕನೆಯ ಆಟವನ್ನು ಹೊರತಂದರು. ನಮ್ಮ ‘ಅವತಾರ’ ಎಂಬ ಶಬ್ದ ಆ ಆಟದ ಹೆಸರಿನಲ್ಲಿಯೇ ಇದೆ. ಅದರಲ್ಲಿ ಕೊಲ್ಲಬೇಕಾದ ಮಹಾಖಳನೇ ಇಲ್ಲ. ಸತ್ಯ, ಕರುಣೆ, ಧೈರ್ಯ, ನ್ಯಾಯ, ವಿನಯ ಮೊದಲಾದ ಎಂಟು ಗುಣಗಳನ್ನು ನಡೆನುಡಿಯಲ್ಲಿ ಸಾಧಿಸುವುದೇ ಗುರಿ. ಅಲ್ಲಿ ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವವರು ಕುರುಡರು. ಎಷ್ಟು ಹಣ ಕೊಡಬೇಕೆಂಬುದನ್ನು ಕೊಳ್ಳುವವನೇ ನಿರ್ಧರಿಸುತ್ತಾನೆ. ಕಡಿಮೆ ಕೊಟ್ಟರೂ ಮೂಲಿಕೆ ದೊರೆಯುತ್ತದೆ, ಗದರಿಸುವವರಿಲ್ಲ. ಆದರೆ ಅವನ ಸತ್ಯಗುಣವು ಸದ್ದಿಲ್ಲದೆ ಕುಗ್ಗುತ್ತದೆ. ಭೀಕರ ರಾಕ್ಷಸನನ್ನು ಎದುರಿಸುವುದಕ್ಕಿಂತ ಕುರುಡನ ಅಂಗಡಿಯಲ್ಲಿ ನೇರವಾಗಿ ನಡೆದುಕೊಳ್ಳುವುದು ಕಷ್ಟವಾಗಬಹುದು. ಏಕೆಂದರೆ ಅಲ್ಲಿ ಖಳನು ಹೊರಗಿಲ್ಲ.

ಶತ್ರುವಿನ ವಿಷಯದಲ್ಲಿ ಕನಿಕರವೂ ಒಂದು ಆಯ್ಕೆಯೇ ಆಗಿದೆ. ‘ಡಾರ್ಕ್ ಸೋಲ್ಸ್’ ಆಟದಲ್ಲಿ ಮಡಿದ ಗೆಳೆಯನ ಸಮಾಧಿಯನ್ನು ಕಾಯುವ ಮಹಾತೋಳವೊಂದಿದೆ. ಕಾಳಗದಲ್ಲಿ ಗಾಯಗೊಂಡು ಅದು ಕುಂಟತೊಡಗಿದಾಗ, ಗೆಲ್ಲುತ್ತಿರುವವನ ಕೈಯೇ ಅಳುಕುತ್ತದೆ. ಶತ್ರುವಿನಲ್ಲಿಯೂ ಘನತೆಯನ್ನು ಕಾಣುವ ಈ ದೃಷ್ಟಿ ಕನ್ನಡಿಗರಿಗೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆಯೇ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನ ಛಲವನ್ನು ಓದುಗನು ಮೆಚ್ಚುವಂತೆ ಚಿತ್ರಿಸಿದನು. 2015ರಲ್ಲಿ ಬಂದ ‘ಅಂಡರ್‌ಟೇಲ್’ ಎಂಬ ಆಟವಾದರೋ ಎದುರಾದ ಯಾರನ್ನೂ ಕೊಲ್ಲದೆ ಮುಗಿಸಲು ಸಾಧ್ಯವಾಗುವಂತೆ ರಚಿತವಾಗಿದೆ. ಎಲ್ಲರನ್ನೂ ಕೊಂದು ಮುಗಿಸಿದವನು ಆಟವನ್ನು ಮತ್ತೆ ಮೊದಲಿನಿಂದ ಆರಂಭಿಸಿದರೂ, ಆ ಆಟ ಅವನ ಕೃತ್ಯವನ್ನು ಮರೆಯುವುದಿಲ್ಲ.

ಈಗ ಮತ್ತೆ ಮೊಳಕಾಲ್ಮೂರಿನ ಬೆಟ್ಟಗಳಿಗೆ ಬರೋಣ. ಜಟಿಂಗ ರಾಮೇಶ್ವರ ಬೆಟ್ಟದ ಮೇಲೂ, ಸಮೀಪದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲೂ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಅಶೋಕನು ಸೋತವನಲ್ಲ. ಕ್ರಿ. ಪೂ. 261ರ ಸುಮಾರಿಗೆ ಅವನು ಕಳಿಂಗವನ್ನು ಸಂಪೂರ್ಣವಾಗಿ ಗೆದ್ದನು. ಆ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರೆಂದೂ ಬೇರೆಡೆಗಳಲ್ಲಿ ದೊರೆತಿರುವ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಅವನೇ ಹೇಳಿಕೊಂಡು ಪಶ್ಚಾತ್ತಾಪಪಟ್ಟಿದ್ದಾನೆ. ಗೆದ್ದವನು ತನ್ನ ಗೆಲವನ್ನೇ ತಪ್ಪೆಂದು ಕಲ್ಲಿನ ಮೇಲೆ ಬರೆಯಿಸಿದ ನಿದರ್ಶನ ಚರಿತ್ರೆಯಲ್ಲಿ ಅಪರೂಪವಾದುದು. ಆದರೆ ಆ ಪಶ್ಚಾತ್ತಾಪದಿಂದ ಸತ್ತ ಒಬ್ಬನಾದರೂ ಎದ್ದು ಬರಲಿಲ್ಲ. ಪರದೆಯ ಆಟದಲ್ಲಿ ಹಿಂದಿನ ತಾಣಕ್ಕೆ ಮರಳಲು ದಾರಿಯುಂಟು, ಕಳಿಂಗದಲ್ಲಿ ಅದಿರಲಿಲ್ಲ.

ನಮ್ಮ ಬ್ರಹ್ಮಗಿರಿಯ ಶಾಸನವು ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಗುರುಗೌರವಗಳನ್ನು ಬೋಧಿಸುತ್ತದೆ. ಅದರಲ್ಲಿ ಇನ್ನೊಂದು ಅಮೂಲ್ಯವಾದ ವಿಚಾರವೂ ಇದೆ. ಉನ್ನತವಾದ ಫಲವು ದೊಡ್ಡವರ ಸೊತ್ತು ಮಾತ್ರವಲ್ಲ. ಸಣ್ಣವನೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲನು ಎಂಬುದೇ ಆ ವಿಚಾರ.

ಹೀಗೆ ಒಂದೇ ಬೆಟ್ಟ ಎರಡು ನೆನಪುಗಳನ್ನು ಹೊತ್ತು ನಿಂತಿದೆ. ಒಂದು, ಸೋಲುವೆನೆಂದು ತಿಳಿದೂ ಸರಿಯಾದುದನ್ನು ಆರಿಸಿಕೊಂಡ ಪಕ್ಷಿಯದು. ಇನ್ನೊಂದು, ಗೆದ್ದ ಮೇಲೆ ತನ್ನ ತಪ್ಪನ್ನು ಅರಿತ ಚಕ್ರವರ್ತಿಯದು. ವಿದ್ಯಾರ್ಥಿಗಳೇ, ಆಟವನ್ನು ಆಡುವಾಗ ಬಲಿಷ್ಠನಾದ ಖಳನಿಗೆ ಅಂಜಬೇಡಿರಿ. ಹತ್ತು ಸಲ ಸೋತರೆ ಹನ್ನೊಂದನೆಯ ಸಲ ಏಳಿರಿ. ಆದರೆ ಆಟ ಮುಗಿದು ಪರದೆ ಆರಿದ ಮೇಲೆ, ‘ನಾನು ಗೆದ್ದೆನೆ?’ ಎಂದು ಕೇಳಿಕೊಳ್ಳುವುದರ ಜೊತೆಗೆ, ‘ನಾನು ಯಾರಾಗಿ ಆಡಿದೆ?’ ಎಂದೂ ಕೇಳಿಕೊಳ್ಳಿರಿ. ಬಯಲಾಟದ ಸಾರಥಿ ಪ್ರತಿಯೊಂದು ವೇಷವನ್ನೂ ಮೊದಲು ಕೇಳುವ ಪ್ರಶ್ನೆ ಅದೇ ಅಲ್ಲವೆ?