ಮನೆ ಒಡೆದರೂ ಸಾಲ ಒಡೆಯದು



“ಅವ್ರು ಬಿಟ್ಟುಹೋದ್ರು, ಇನ್ನ ಮನೆ ಸಾಲ ನನಗ್ಯಾಕ್ರೀ?” ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಹೀಗೆ ಕೇಳುವ ಅಕ್ಕಂದಿರಿದ್ದಾರೆ. ಉತ್ತರ ಕಹಿಯಾದರೂ ತಿಳಿದಿರಲಿ.

ಇಬ್ಬರೂ ಸಹಿ ಮಾಡಿದ ಸಾಲಕ್ಕೆ ಇಬ್ಬರೂ ಹೊಣೆ. 1872ರ ಕರಾರು ಕಾಯ್ದೆಯಂತೆ ಬ್ಯಾಂಕು ಒಬ್ಬರಿಂದಲೇ ಪೂರ್ತಿ ಹಣ ಕೇಳಬಹುದು. ವಿಚ್ಛೇದನವಾದರೂ ಸಹಿ ಅಳಿಯದು. ಜಾಮೀನು ಹಾಕಿದವರಿಗೂ ಇದೇ ಮಾತು. ಆದರೆ ನೀವು ಸಹಿ ಹಾಕದ ಗಂಡನ ಸಾಲವನ್ನು, ಹೆಂಡತಿ ಎಂಬ ಒಂದೇ ಕಾರಣಕ್ಕೆ ನೀವು ತೀರಿಸಬೇಕಿಲ್ಲ.

ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ. ಮೂರು ತಿಂಗಳು ಮೀರಿ ಕಂತು ಬಾಕಿಯಾದರೆ ಬ್ಯಾಂಕು 60 ದಿನದ ನೋಟಿಸು ಕೊಟ್ಟು, ಅಡವಿಟ್ಟ ಮನೆಯನ್ನು ಹರಾಜಿಗೆ ತರಬಹುದು.

ಏನು ಮಾಡಬೇಕು?

1. ಬ್ಯಾಂಕಿಗೆ ಹೋಗಿ ಬಾಕಿಯ ಲೆಕ್ಕ ಬರೆಸಿಕೊಳ್ಳಿ.
2. ಯಾರು ಎಷ್ಟು ಕಟ್ಟಬೇಕೆಂದು ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿ. ಬ್ಯಾಂಕು ಒಪ್ಪಿ ಹೆಸರು ತೆಗೆಯುವ ತನಕ ನಿಮ್ಮ ಹೊಣೆ ತಪ್ಪದು.
3. ರಸೀದಿ ಜೋಪಾನ. ನಿಮ್ಮ ಪಾಲಿಗಿಂತ ಹೆಚ್ಚು ಕಟ್ಟಿದ್ದರೆ ಅವರಿಂದ ಕೇಳುವ ಹಕ್ಕಿದೆ.
4. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

ಸಂಘದಲ್ಲಿ ಚರ್ಚಿಸಿರಿ: ನಾನು ಯಾವ ಯಾವ ಸಾಲದ ಕಾಗದಕ್ಕೆ ಸಹಿ ಹಾಕಿದ್ದೇನೆ? ಓದಿ ಹಾಕಿದೆನೇ?